ಮಾರಕ್ಕನ ಹವಳದ ಕಡಲು

ನಮಗೆ ಹಾಲು ಹಾಕುವ ಜಾಲಹಳ್ಳಿ ಪಕ್ಕದ ಸಿಂಗಾಪುರ ಹಳ್ಳಿಯ ಮಾರಕ್ಕ ನಾಲ್ಕು ವರ್ಷಗಳಿಂದ ಮುಂದಿನ ಸೋಮವಾರವೇ ಗುಜರಾತಿನ ಜಾಮ್‌ನಗರಕ್ಕೆ ಹೊರಡುವವಳು. ಅಲ್ಲಿಂದ ಜಾಲಹಳ್ಳಿಯ ವಾಯುಪಡೆ ಕ್ವಾರ್ಟರ್ಸಿಗೆ ವರ್ಗವಾಗಿ ಬಂದ ಹೆಂಗಸೊಬ್ಬರು, ‘ಆಚೆಗೆ ಮರಳುಗಾಡು, ಈಚೆಗೆ ಕಡಲು, ನೀರು ಇಳಿದಾಗ ಹವಳದ ದಿಬ್ಬದ ಮೇಲೆ ನಡೆದಾಡಬಹುದು’ ಎಂದದ್ದೇ ತಡ, ಇವಳು ದಾರಿಯ ಹುರಿಹಿಟ್ಟಿಗೆ ರಾಗಿ ಹುರಿದಳು. ಹಿಟ್ಟು ಮುಗ್ಗಲು ಹಿಡಿದರೆ ಎಮ್ಮೆಗೆ ಸುರಿದು ಮತ್ತೆ ಹುರಿಯುತ್ತಾಳೆ. ಆ ಎಮ್ಮೆಯಷ್ಟು ದಪ್ಪನೆಯ ಎಮ್ಮೆ ಯಲಹಂಕದವರೆಗೂ ಇಲ್ಲ. ಯಶವಂತಪುರ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವರು ಅವಳ ತಲೆ ಕಂಡೊಡನೆ ‘ಪುಣೆ, ಮುಂಬಯಿ, ಅಹಮದಾಬಾದು’ ಎಂದು ರೈಲು ಬದಲಿಸುವ ಊರುಗಳನ್ನು ತಾವಾಗಿಯೇ ಒಪ್ಪಿಸುತ್ತಾರೆ. ಮರಳುಗಾಡಿನಲ್ಲಿ ನೀರಿಲ್ಲವಂತಲ್ಲ ಎಂದರೆ, ‘ಬೇಸ್ಗೇಲಿ ನಮ್ಮೂರ್ ಬಾವಿ ಏನ್ ತುಂಬಿ ತುಳುಕ್ತದಾ ಸ್ವಾಮಿ?’ ಎನ್ನುತ್ತಾಳೆ. ‘ಗಂಡಿಲ್ಲದೋಳು ಒಬ್ಳೇ ಅಷ್ಟು ದೂರ ಓಗದಾ?’ ಎಂದು ಮೈದುನ ಪಿಳ್ಳಪ್ಪ ಕೂಗಾಡಿದರೆ, ‘ರೈಲೇನು ನಿನ್ ಎಗಲ್ ಮೇಲೆ ಓಯ್ತದಾ?’ ಎಂದು ಬಾಯಿ ಮುಚ್ಚಿಸುತ್ತಾಳೆ. ಮೊನ್ನೆ, ಹವಳದಲ್ಲಿ ಅಂಥದ್ದೇನಿದೆ ಮಾರಕ್ಕ ಎಂದು ಕೇಳಿದೆ. ಪಾವು ಕೆಳಗಿಟ್ಟು ಬರಿಗೊರಳು ಮುಟ್ಟಿಕೊಂಡಳು. ಗಂಡ ಸತ್ತ ಹನ್ನೊಂದನೆಯ ದಿನ ಇದೇ ಪಿಳ್ಳಪ್ಪ ಮುಂದೆ ನಿಂತು, ತಾಳಿಯ ಜೊತೆಗೆ ಅವಳ ಅವ್ವ ಪೋಣಿಸಿಕೊಟ್ಟಿದ್ದ ಎರಡು ಹವಳವನ್ನೂ ಬಿಚ್ಚಿಸಿದ್ದನಂತೆ. ‘ನಂದು ಎರಡು ಬಿಚ್ಚಿಸ್ದ. ಅಲ್ಲಿ ಸಮುದ್ರವೇ ಮೈತುಂಬ ಆಕ್ಕಂಡೈತಂತೆ ಸ್ವಾಮಿ. ಅದ್ರದ್ದು ಯಾವೋನು ಬಿಚ್ಚಿಸ್ತಾನೋ ನೋಡ್ಕಂಡ್ ಬತ್ತೀನಿ.’