ತಾಹಿರಕ್ಕನ ಬಸ್ ಮಾಹಿತಿ ಕೇಂದ್ರ

ಐದರ ಗುಂಡಿ ಇರಬೇಕಾದ ಜಾಗದಲ್ಲಿ ಒಂದು ಕಡಲೆಬೇಳೆ ಅಂಟಿಸಿತ್ತು. ಚೆನ್ನಾಗಿಯೇ ಕೂತಿತ್ತು, ಒತ್ತಿದರೆ ಐದೇ ಬೀಳುತ್ತಿತ್ತು. ಉಳಿದ ಗುಂಡಿಗಳ ಮೇಲಿನ ಅಂಕಿಗಳೆಲ್ಲ ಅಳಿಸಿಹೋಗಿದ್ದರಿಂದ, ಆ ಫೋನಿನಲ್ಲಿ ಕಣ್ಣಿಗೆ ಗುರುತು ಸಿಗುತ್ತಿದ್ದ ಗುಂಡಿ ಅದೊಂದೇ.

ಫೋನು ತಾಹಿರಕ್ಕನದು. ಮಧುಗಿರಿಯಲ್ಲಿ ನಾನು ಬಿಸಿಎ ಎರಡನೇ ವರ್ಷ ಓದುವಾಗ ಅವಳು ಕೊನೆಯ ವರ್ಷದಲ್ಲಿದ್ದಳು. ಶಿರಾದಿಂದ ದಿನಾ ಬಂದು ಹೋಗುತ್ತಿದ್ದಳು. ಅಲ್ಲಿ ಅವಳ ಅಬ್ಬಾಗೆ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇತ್ತು. ಗಿರಾಕಿಗಳು ವಾಪಸು ಕೇಳಲು ಬಾರದ ಫೋನುಗಳೆಲ್ಲ ಮಗಳ ಪಾಲು. ದುಪಟ್ಟಾದ ಮೇಲೆ ಚಾರ್ಜರಿನ ವೈರನ್ನು ಸರದಂತೆ ಹಾಕಿಕೊಂಡು, ಬ್ಯಾಗಿನಿಂದ ಹುರಿದ ಕಡಲೆಕಾಯಿ ತೆಗೆದು ಸುಲಿಯುತ್ತ ಓಡಾಡುವುದು ಅವಳ ಪದ್ಧತಿ. ಸಿಪ್ಪೆ ನಮಗೆ ಲ್ಯಾಬಿನ ಕೀಬೋರ್ಡುಗಳಲ್ಲಿ ಸಿಗುತ್ತಿತ್ತು. ಯಾರನ್ನು ಹಂಗಿಸುವಾಗಲೂ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ. ಹಾಗಾಗಿ ಹಂಗಿಸಿಕೊಂಡವರು ಮನೆಗೆ ಹೋದ ಮೇಲೆ ಕೋಪಿಸಿಕೊಳ್ಳುತ್ತಿದ್ದರು.

ನಮ್ಮ ಕಾಲೇಜಿಗೆ ಆಗಲೇ ಒಂದು ಆ್ಯಪ್ ಇತ್ತು. ತೆರೆದರೆ ಮೊದಲು ಪ್ರಿನ್ಸಿಪಾಲರ ಭಾವಚಿತ್ರ ಬರುತ್ತಿತ್ತು. ಆಮೇಲೆ ಒಂದು ಚಕ್ರ ತಿರುಗುತ್ತಿತ್ತು. ಚಕ್ರ ತಿರುಗುವಷ್ಟು ಹೊತ್ತೂ ಭಾವಚಿತ್ರ ನೋಡಬಹುದಿತ್ತು. ನಮ್ಮಲ್ಲಿ ಅನೇಕ ಹುಡುಗಿಯರಿಗೆ ಆ ಭಾಗ್ಯವೂ ಇರಲಿಲ್ಲ. ಸ್ಮಾರ್ಟ್‌ಫೋನು ಕೊಟ್ಟರೆ ಮಗಳು ಕೆಡುತ್ತಾಳೆ, ಮಗನಿಗೆ ಕೊಟ್ಟರೆ ಅವನು ಪಾಠ ಕೇಳುತ್ತಾನೆ ಎಂಬುದು ನಮ್ಮ ಕಡೆಯ ಹಳ್ಳಿಗಳ ದೃಢ ವಿಶ್ವಾಸ. ನಮ್ಮ ಕೈಗೆ ಬಂದಿದ್ದು ಗುಂಡಿ ಫೋನು. ಇಡೀ ದೇಶ ಪರದೆ ಸವರುತ್ತಿದ್ದ ಕಾಲದಲ್ಲಿ ತಾಹಿರಕ್ಕ ಕೂತು ಎಸ್ಸೆಮ್ಮೆಸ್ ಸೇವೆ ಕಟ್ಟಿದ್ದು ಇದಕ್ಕೇ.

ಅದಕ್ಕೆ ‘ಕೇಳಕ್ಕ’ ಎಂದು ಹೆಸರು. ಕಡಲೆಬೇಳೆಯ ಫೋನು ಲ್ಯಾಬಿನ ಕಿಟಕಿಯ ಮೇಲೆ ಕೂತಿರುತ್ತಿತ್ತು. ಬೆಟ್ಟದ ಮರೆಯಿಂದ ತಪ್ಪಿಸಿಕೊಂಡ ಸಿಗ್ನಲ್ಲು ಬರುತ್ತಿದ್ದುದು ಆ ಕಿಟಕಿಗೆ ಮಾತ್ರ. ಅಲ್ಲಿಂದ ಒಂದು ವೈರು, ಯಾರೂ ಮುಟ್ಟದ ಹಳೆಯ ಕಂಪ್ಯೂಟರಿಗೆ. ನಾವು ಬಸ್ಸು, ಕ್ಲಾಸು, ಲೈಬ್ರರಿ ಯಾವುದರ ಬಗ್ಗೆ ಬೇಕಾದರೂ ಮೆಸೇಜಿನಲ್ಲಿ ಕೇಳಬಹುದಿತ್ತು. ಆದರೆ ಒಂದು ನಿಯಮ: ಒಂದು ಪ್ರಶ್ನೆ ಕೇಳಿದವರು ಇನ್ನೊಂದಕ್ಕೆ ಉತ್ತರ ಕೊಡಬೇಕು. ಲೈಬ್ರರಿ ತೆರೆದಿದೆಯೇ ಎಂದು ಕೇಳಿದರೆ, ‘ನೀನು ಬಸ್ ಸ್ಟ್ಯಾಂಡಿನಲ್ಲಿದ್ದೀಯಾ? ಕೊರಟಗೆರೆ ಬಸ್ಸು ನಿಂತಿದೆಯಾ?’ ಎಂದು ತಿರುಗಿ ಕೇಳುತ್ತಿತ್ತು. ಹೀಗೆ ಯಾರಿಗೂ ಎಲ್ಲವೂ ಗೊತ್ತಿಲ್ಲದೆ ಎಲ್ಲರಿಗೂ ಎಲ್ಲ ಗೊತ್ತಾಗುತ್ತಿತ್ತು.

ಸಿಮ್ಮಿನಲ್ಲಿ ದಿನಕ್ಕೆ ಇಷ್ಟೇ ಎಂದು ಮಿತಿ ಇದ್ದುದರಿಂದ ಉತ್ತರಗಳು ಚುಟುಕು. ಕೆಲವನ್ನು ಕಂಪ್ಯೂಟರು ಕಳಿಸುತ್ತಿತ್ತು. ಯಾವುವನ್ನು ತಾಹಿರಕ್ಕ ಖುದ್ದಾಗಿ ಕಳಿಸಿದ್ದಾಳೆ ಎಂಬುದು ಓದಿದರೆ ತಿಳಿಯುತ್ತಿತ್ತು. ‘ಲೈಬ್ರರಿ ಬೀಗಕ್ಕೆ ಎಣ್ಣೆ ಬಿಟ್ಟಿದ್ದಾರೆ. ನಿರೀಕ್ಷಿಸಿ.’ ‘ಸರ್ ಬಂದಿದ್ದಾರೆ. ರೀಲ್ಸ್ ಮುಗಿದ ಮೇಲೆ ಪಾಠ.’ ಶುಕ್ರವಾರ: ‘ನಿಮ್ಮ ಬಸ್ಸು ಗೊರವನಹಳ್ಳಿ ಗುಡಿಗೆ ಹೋಗಿದೆ. ಅದಕ್ಕೂ ಹರಕೆ ಇರುತ್ತೆ.’ ಒಮ್ಮೆ ನಾನು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕಳಿಸಿದಾಗ ಲ್ಯಾಬಿನಿಂದ ಎದ್ದು ನನ್ನ ತರಗತಿಗೇ ಬಂದಳು.

“ಲೇ ಅನಿತಾ, ಬಸ್ಸು ಡೀಸೆಲ್ಲಿಗೆ ಓಡೋದು ಕಣೇ, ನಿನ್ ಮೆಸೇಜಿಗಲ್ಲ. ಬಾಯಲ್ಲಿ ಒಂದು ಮಾತಾಡಾಕೆ ಕಂಜೂಸಿ, ಬೆರಳಲ್ಲಿ ನೋಡು ಹೆಂಗೆ!”

ನನ್ನ ಆತುರಕ್ಕೆ ಕಾರಣ ಇತ್ತು. ನಮ್ಮ ಹಳ್ಳಿ ಮಿಡಿಗೇಶಿ ದಾಟಿ ಪಾವಗಡದ ದಾರಿಯಲ್ಲಿದೆ. ಕಾಲೇಜಿಗೆ ಸೇರಿಸುವಾಗ ಅಪ್ಪ ಒಂದೇ ಷರತ್ತು ಹಾಕಿದ್ದರು: ಚೀಕಟಿ ಆಗುವುದರೊಳಗೆ ಮನೆ. ನಮ್ಮ ಮನೆಯಲ್ಲಿ ಕತ್ತಲೆಗೆ ತೆಲುಗಿನಲ್ಲೇ ಭಯ ಜಾಸ್ತಿ. ಒಂದು ಸಲ ತಡವಾದರೂ ಓದು ಅಲ್ಲಿಗೆ ಮುಗಿಯಿತು. ನಾಲ್ಕರ ಬಸ್ಸು ಸಿಕ್ಕರೆ ಬೆಳಕಿರುವಾಗ ಇಳಿಯಬಹುದಿತ್ತು. ಆದರೆ ಅದು ಮಧ್ಯಾಹ್ನ ಪಾವಗಡದಿಂದ ನಮ್ಮೂರ ಮುಂದೆ ಹಾದು ಮಧುಗಿರಿಗೆ ಬಂದು ತಿರುಗುವ ಬಸ್ಸು. ಮಧ್ಯಾಹ್ನ ಅದು ಹಾದುಹೋಗಿಲ್ಲ ಎಂದರೆ ನಾಲ್ಕಕ್ಕೆ ಬಸ್ಸಿಲ್ಲ. ಕೊನೆಯ ಪೀರಿಯಡ್ ಬಿಟ್ಟು ಮೂರರ ಖಾಸಗಿ ಬಸ್ಸು ಹಿಡಿಯಬೇಕು. ನಾನು ಪದವಿ ಪಡೆಯುವುದೂ ಬಿಡುವುದೂ ಮಧ್ಯಾಹ್ನ ನಮ್ಮೂರ ಮುಂದೆ ಒಂದು ಬಸ್ಸು ಹೋಯಿತೇ ಎಂಬುದರ ಮೇಲೆ ನಿಂತಿತ್ತು. ವಿದ್ಯಾಭ್ಯಾಸ ಎಂದರೆ ಇದೇ ಇರಬೇಕು ಎಂದು ನಾನೂ ಅಂದುಕೊಂಡಿದ್ದೆ.

ಸೇವೆ ಶುರುವಾದಾಗ ತಾಹಿರಕ್ಕ ಕಾಲೇಜಿನ ಆಫೀಸಿನಿಂದ ಹುಡುಗಿಯರ ನಂಬರುಗಳನ್ನು ಪಡೆದು ಎಲ್ಲರಿಗೂ ತಮಾಷೆಗೆ ಒಂದು ಸ್ವಾಗತ ಕಳಿಸಿದಳು. ‘ಮಾನ್ಯರೇ, ಇದು ಬಸ್ ಮಾಹಿತಿ ಕೇಂದ್ರ. ಸಾರ್ವಜನಿಕ ಹಿತದೃಷ್ಟಿಯಿಂದ ತಮ್ಮ ಸಹಕಾರ ಕೋರಲಾಗಿದೆ. ಬಸ್ಸು ಬಂದಿದ್ದರೆ 1, ಬಾರದಿದ್ದರೆ 2 ಕಳಿಸಿ.’ ಅವಳು ಮರೆತದ್ದೆಂದರೆ, ಪ್ರವೇಶದ ಅರ್ಜಿಯಲ್ಲಿ ‘ವಿದ್ಯಾರ್ಥಿನಿಯ ಮೊಬೈಲ್’ ಎಂದು ಕೇಳಿದ ಕಡೆ ನಾವೆಲ್ಲ ಬರೆದಿದ್ದು ಅಪ್ಪನ ನಂಬರು. ಸ್ವಾಗತ ಹೋಗಿದ್ದು ನಾಲ್ಕು ತಾಲ್ಲೂಕಿನ ಅಪ್ಪಂದಿರಿಗೆ. ಒಬ್ಬರು ‘ಯಾರು ನೀವು’ ಎಂದರು. ಒಬ್ಬರು ‘ಸಾಲ ಬೇಡ’ ಎಂದರು. ಬಹಳ ಜನ ಸುಮ್ಮನಾದರು. 1 ಅಥವಾ 2 ಕಳಿಸಿದವರನ್ನು ಮಾತ್ರ ಕಂಪ್ಯೂಟರು ದಿನಾ ಮಧ್ಯಾಹ್ನ ಕೇಳತೊಡಗಿತು.

ನಮ್ಮಪ್ಪ ಸಹಕರಿಸಿದರು.

ಇದು ನನಗೆ ಗೊತ್ತಾಗಿದ್ದು ಒಂದು ಸಂಜೆ ಊಟಕ್ಕೆ ಕೂತಾಗ.

“ಗೌರ್ಮೆಂಟ್ನೋರು ದಿನಾ ನನ್ನನ್ನ ಕೇಳ್ತಾವ್ರೆ ಕಣಮ್ಮ, ಬಸ್ ಬಂತಾ ಅಂತ,” ಅಂದರು ಅಪ್ಪ. “ಆಫೀಸಲ್ಲಿ ಕೂತೋರಿಗೆ ಏನ್ ತೆಲುಸು? ಇಲ್ಲಿ ನಿಂತು ನೋಡೋನಿಗೆ ಗೊತ್ತು.”

“ದಿನಾ ಹೋಗಿ ನಿಂತ್ಕೊತಾರೆ,” ಎಂದಳು ಅಮ್ಮ. “ಅನ್ನ ಆರೋಯ್ತದೆ ಅಂದ್ರೂ ಕೇಳಲ್ಲ.”

“ಜವಾಬ್ದಾರಿ ಕೊಟ್ಟೌರೆ. ಸುಮ್ನೆ ಇರಾಕಾಯ್ತದಾ?”

ನಾನು ಮುದ್ದೆ ನುಂಗಿದೆ.

ಮಾರನೆಯ ದಿನ ತಾಹಿರಕ್ಕ ತಾನೇ ಕರೆದು ಪರದೆ ತೋರಿಸಿದಳು. “ಈ ನಂಬರ್ ಯಾರ್ದೇ? ನಿಮ್ ಕಡೇದು. ಬಸ್ ತಪ್ಪಿದ್ರೂ ಈ ಮನ್ಸ ತಪ್ಪಲ್ಲ.”

ಹೇಳಿದೆ. ತೆಗೆದುಬಿಡು ಎಂದು ಬೇಡಿಕೊಂಡೆ. ಇದು ಹುಡುಗಿಯರ ಆಟ ಎಂದು ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಎಂದೆ. ಅವಳು ಒಂದು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು.

“ನಿಮ್ಮಪ್ಪನ್ನ ತೆಗೆದ್ರೆ ಪಾವಗಡ ಲೈನೇ ಬಂದ್. ನೀನು ಮನೆಗೆ ಹೆಂಗೆ ಹೋಗ್ತೀಯ? ನಿನ್ನ ಓದಿಸ್ತಿರೋದು ಫೀಸಲ್ಲ ಕಣೇ, ಆ ಒಂದು ಎರಡು. ಅವ್ರಿಗೆ ಗೊತ್ತಿಲ್ಲ ಅಷ್ಟೇ.”

ಹೀಗೆ, ನನ್ನನ್ನು ಮನೆಯಲ್ಲಿ ಕೂರಿಸಬಲ್ಲ ಏಕೈಕ ವ್ಯಕ್ತಿ ದಿನಾ ಬಿಸಿಲಿನಲ್ಲಿ ನಿಂತು, ನಾನು ಮನೆಯಲ್ಲಿ ಕೂರದಂತೆ ನೋಡಿಕೊಳ್ಳುತ್ತಿದ್ದರು.

ಆ ವರ್ಷ ಕಾಲೇಜಿಗೆ ಅಂಕ ಕೊಡಲು ಒಂದು ಸಮಿತಿ ಬರುವುದಿತ್ತು. ಗೋಡೆಗಳಿಗೆ ಬಣ್ಣ, ಕುಂಡಗಳಿಗೆ ಬಾಡಿಗೆಯ ಗಿಡ ಬಂದವು. ಆಗ ಪ್ರಿನ್ಸಿಪಾಲರಿಗೆ ‘ಕೇಳಕ್ಕ’ನ ಸುದ್ದಿ ಮುಟ್ಟಿತು. ಬೈಯುತ್ತಾರೆ ಎಂದುಕೊಂಡರೆ ಅವರು ಸಂತೋಷಪಟ್ಟರು. ಅದು ಇನ್ನೂ ಅಪಾಯ. ತಾಹಿರಕ್ಕನನ್ನು ಕರೆಸಿ, ವಿದ್ಯಾರ್ಥಿನಿಯರು ಯಾವಾಗ ಬಂದರು, ಯಾವಾಗ ಹೊರಟರು ಎಂದು ತಂದೆಯರಿಗೆ ಮೆಸೇಜು ಹೋಗುವಂತೆ ಮಾಡು ಎಂದರು. ಅದಕ್ಕೆ ‘ಪೋಷಕ ಜಾಗೃತಿ’ ಎಂದು ನಾಮಕರಣವನ್ನೂ ತಾವೇ ಮಾಡಿದರು.

“ಹುಡುಗರ ಅಪ್ಪಂದಿರಿಗೆ ಬೇಡ್ವಾ ಸಾರ್?” ಎಂದು ಕೇಳಿದಳಂತೆ.

“ಅವರು ಎಲ್ಲೋದ್ರೂ ಸಂಜೆ ಮನೆಗೆ ಬರ್ತಾರಲ್ಲಮ್ಮ.”

“ನಾವೂ ಬರ್ತೀವಿ ಸಾರ್, ಬಸ್ ಬಂದ್ರೆ.”

ಅವಳು ಒಪ್ಪಿಕೊಂಡು ಬಂದಳು. ಕೊನೆಯ ಪೀರಿಯಡ್ ಬಿಟ್ಟು ಹೊರಟಿದ್ದಾಳೆ ಎಂಬ ಒಂದು ಸಾಲು ಅಪ್ಪನ ಫೋನಿಗೆ ಹೋದರೆ ನನ್ನ ಕಥೆ ಮುಗಿಯಿತು.

“ಆಗಲ್ಲ ಅಂದ್ಬುಡಕ್ಕ,” ಎಂದೆ.

“ಆಗಲ್ಲ ಅಂದ್ರೆ ಬೇರೆಯೋರ ಕೈಲಿ ಮಾಡಿಸ್ತಾರೆ. ಅವ್ರು ಅರ್ಧ ನಿಜ ಬರೀತಾರೆ. ನಾನಾದ್ರೆ ಪೂರಾ ಬರೀತೀನಿ.” ಎಂದಿನಂತೆ ನಗದೆ ಹೇಳಿದಳು. “ಜಾಗೃತಿ ತಾನೇ ಅವ್ರಿಗೆ ಬೇಕಿರೋದು? ಬಾ, ಮಾಡಾಣ.”

ಪೂರಾ ನಿಜ ಸೋಮವಾರ ಶುರುವಾಯಿತು. ಪ್ರತಿ ತರಗತಿಯಿಂದ ಒಬ್ಬಳು ಸುದ್ದಿ ಕೊಡುತ್ತಿದ್ದಳು, ಅದು ಅಪ್ಪಂದಿರಿಗೆ ಹೋಗುತ್ತಿತ್ತು. ‘ನಿಮ್ಮ ಮಗಳು ಕಾಲೇಜು ತಲುಪಿದ್ದಾಳೆ. ಮೊದಲ ಅವಧಿಯ ಉಪನ್ಯಾಸಕರು ತಲುಪಿಲ್ಲ.’ ‘ನಿಮ್ಮ ಮಗಳು ಲ್ಯಾಬಿನಲ್ಲಿದ್ದಾಳೆ. ಕರೆಂಟು ಇಲ್ಲ. ಇದ್ದರೂ ಒಂದು ಕಂಪ್ಯೂಟರಿಗೆ ಐದು ಮಂದಿ.’ ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ. ಕೀಲಿ ಅಟೆಂಡರ್ ಬಳಿ. ಅಟೆಂಡರ್ ಮದುವೆಗೆ ಹೋಗಿದ್ದಾರೆ.’ ನನ್ನ ಅಪ್ಪನಿಗೆ ಹೋದದ್ದು: ‘ನಿಮ್ಮ ಮಗಳು ಮೂರಕ್ಕೆ ಹೊರಟಿದ್ದಾಳೆ. ನಾಲ್ಕರ ಬಸ್ಸು ಇಲ್ಲ. ಕೊನೆಯ ಅವಧಿಯ ಪಾಠವೂ ಇಲ್ಲ.’

ಜಾಗೃತಿ ಬಹಳ ಬೇಗ ಉಂಟಾಯಿತು. ಆ ವಾರವೇ ಒಂದು ಬೆಳಿಗ್ಗೆ ಪೋಷಕರು ಒಬ್ಬೊಬ್ಬರಾಗಿ ಗೇಟಿನೊಳಗೆ ಬಂದರು. ಕೊರಟಗೆರೆ ಕಡೆಯ ಒಬ್ಬರು ನೇರ ಶೌಚಾಲಯದ ಬೀಗ ನೋಡಲು ಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಫೋನನ್ನು ದಾಖಲೆಯಂತೆ ಎರಡೂ ಕೈಯಲ್ಲಿ ಹಿಡಿದು ಬಂದವರು ನಮ್ಮಪ್ಪ. ಪ್ರಿನ್ಸಿಪಾಲರು ಅವರ ಎದುರಿಗೇ ತಾಹಿರಕ್ಕನನ್ನು ತಮ್ಮ ಕೋಣೆಗೆ ಕರೆಸಿದರು. ನಾನು ಬಾಗಿಲ ಹೊರಗೆ ನಿಂತೆ.

“ಗೌರ್ಮೆಂಟಿಂದಾನೇ ಮೆಸೇಜ್ ಬಂದೈತೆ ಸಾರ್, ಪಾಠ ಆಗ್ತಿಲ್ಲ ಅಂತ,” ಅಂದರು ಅಪ್ಪ.

“ಯಾವ ಗೌರ್ಮೆಂಟ್ ರೀ?” ಪ್ರಿನ್ಸಿಪಾಲರ ದನಿ ಏರಿತು. “ಬಸ್ಸೂ ಇವಳೇ, ಕೇಂದ್ರಾನೂ ಇವಳೇ. ಈ ಹುಡುಗಿ ಕಿತಾಪತಿ ಎಲ್ಲಾ. ಇಷ್ಟು ದಿನ ನೀವು ಉತ್ತರ ಕೊಟ್ಟಿದ್ದು ಇವಳಿಗೆ!”

ಅಪ್ಪ ತಾಹಿರಕ್ಕನನ್ನು, ಅವಳ ಕುತ್ತಿಗೆಯ ವೈರನ್ನು ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ಎಣಿಸಿದ ಯಾವುದೂ ಆಗಿರಲಿಲ್ಲ.

“ನಾನು ಕಳಿಸಿದ್ದು ಸರಿ ಇತ್ತೇನಮ್ಮ?”

“ಒಂದಿನಾನೂ ತಪ್ಪಿಲ್ಲ ಚಾಚಾ.”

“ಸಾಕಾಯ್ತಾ?” ಎಂದರು ಪ್ರಿನ್ಸಿಪಾಲರು. “ನಿಮ್ಮ ಮಗಳು ಎಷ್ಟು ಸಲ ಕೊನೇ ಪೀರಿಯಡ್ ತಪ್ಪಿಸಿದ್ದಾಳೆ, ಅದು ಗೊತ್ತಾ ನಿಮಗೆ?”

ಅಪ್ಪ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟರು.

“ಬಸ್ ಇಲ್ಲ ಅಂತ ನಾನು ಎರಡು ಒತ್ತಿದ ದಿನಗಳೇ ಇರ್ಬೇಕು ಸಾರ್. ಇಲ್ದಿರೋ ಬಸ್ಸಿಗೆ ನನ್ ಮಗಳು ಯಾಕೆ ಕಾಯ್ಬೇಕು?”

ಹೊರಗೆ ಬಂದ ಮೇಲೆ ನನ್ನ ಕಡೆ ನೋಡದೆ ಹೇಳಿದರು: “ಒಳಗೆ ಹೇಳಿದ್ದು ಅವ್ರಿಗೆ. ನಿಂಗೆ ಹೇಳೋದು ಅದೇ ಹಳೇದು. ಚೀಕಟಿ ಆಗೋದ್ರೊಳಗೆ ಮನೆ.” ಇಬ್ಬರೂ ಮನೆಗೆ ಹೊರಟ ಬಸ್ಸಿನಲ್ಲಿ ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆ ತಿರುಗಿ, “ಗೌರ್ಮೆಂಟ್ ಅಲ್ವಾ ಹಂಗಾದ್ರೆ,” ಎಂದರು. ಅವರಿಗೆ ನೋವಾಗಿದ್ದು ಅದೊಂದೇ.

ಕೇಂದ್ರ ಅಂದೇ ಮುಚ್ಚಿತು. ಫೋನು ಪ್ರಿನ್ಸಿಪಾಲರ ಬೀರು ಸೇರಿತು. ಅದನ್ನೇ ಕೊನೆಯ ವರ್ಷದ ಪ್ರಾಜೆಕ್ಟೆಂದು ಒಪ್ಪಿಸಬೇಕಿದ್ದ ತಾಹಿರಕ್ಕನಿಗೆ ಬೇರೆ ಮಾಡು ಎಂದು ಅಪ್ಪಣೆಯಾಯಿತು. ಅವಳು ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಹೊಸದಾಗಿ ಕಂಡುಹಿಡಿಯುವ ‘ಗ್ರಂಥಾಲಯ ನಿರ್ವಹಣಾ ವ್ಯವಸ್ಥೆ’ಯನ್ನು ಹಿಂದಿನವರ ಪೆನ್‌ಡ್ರೈವಿನಿಂದ ಇಳಿಸಿ, ಹೆಸರು ಬದಲಿಸಿ ಕೊಟ್ಟಳು. ಪರೀಕ್ಷಕರು ಸ್ವಂತಿಕೆಯನ್ನು ಮೆಚ್ಚಿ ತರಗತಿಗೇ ಹೆಚ್ಚು ಅಂಕ ಕೊಟ್ಟರು.

ವೈವಾ ಮುಗಿದ ಸಂಜೆ ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಶಿರಾ ಬಸ್ಸಿನ ಮೆಟ್ಟಿಲ ಬಳಿ ನಿಂತಿದ್ದಳು. ಮುಂದೆ ಎಂಸಿಎ ಓದಲು ದಾವಣಗೆರೆಗೆ ಹೋದಳೆಂದು ಕೇಳಿದೆ, ಮತ್ತೆ ನೋಡಿಲ್ಲ. ಆ ದಿನ ನಾನು ಹೇಳಬೇಕೆಂದಿದ್ದುದು ಬೇರೆಯೇ ಇತ್ತು. ನನಗಿನ್ನೂ ಒಂದು ವರ್ಷ ಬಾಕಿ, ಅಪ್ಪನ ಷರತ್ತು ಹಾಗೇ ಇದೆ, ಮಧ್ಯಾಹ್ನ ಯಾರನ್ನು ಕೇಳಲಿ ಎಂದಷ್ಟೇ ಅಂದೆ.

“ಅವ್ರು ಬೀರಲ್ಲಿಟ್ಟಿರೋದು ಒಂದು ಡಬ್ಬಾ ಫೋನು,” ಎಂದಳು. “ಜನಾನೂ ಬೀರಲ್ಲಿಟ್ರಾ? ಕಂಪ್ಯೂಟರ್ ಇಲ್ದಿದ್ರೆ ಏನಾಯ್ತು, ಕೇಳಾಕೆ ಬಾಯೈತೆ, ಹೇಳಾಕೆ ನಿಮ್ಮಪ್ಪ ಅವ್ರೆ. ಮಧ್ಯದಲ್ಲಿ ಒಬ್ಳು ಬೇಕು, ಅಷ್ಟೇ. ನೀನು ಆಗಲ್ಲ ಬುಡು, ನಿನ್ನ ನಂಬರ್ ಕೇಳಿದ್ರೆ ಕಿಡ್ನಿ ಕೇಳ್ದಂಗೆ ಆಡ್ತೀಯ.”

ಕಂಡಕ್ಟರು ಸೀಟಿ ಊದಿದ. ಅವಳು ಹತ್ತಿ ಕಿಟಕಿ ಪಕ್ಕ ಕೂತಳು, ಕಡಲೆಕಾಯಿ ತೆಗೆದಳು. ಟಾಟಾ ಮಾಡಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ, ಇನ್ನು ಮೇಲೆ ಬಸ್ಸಿನ ಸುದ್ದಿ ನನಗೆ ಕಳಿಸುತ್ತೀರಾ ಎಂದು ನಾನು ಅಪ್ಪನನ್ನು ನೇರವಾಗಿ ಕೇಳಿದೆ. ಹಿಂದೆ ಹಾಗೆ ಏನನ್ನೂ ಕೇಳಿದ್ದು ನೆನಪಿಲ್ಲ. ಅವರು ಮಜ್ಜಿಗೆ ಕುಡಿದು ಮುಗಿಸಿದರು.

“ಕೇಳೋರು ಮರ್ಯಾದೆಯಾಗಿ ಕೇಳ್ಬೇಕು,” ಎಂದರು. “ಹೆಸರು ಬರಿಯೋದಾದ್ರೆ ಹಿಂದೆ ಶ್ರೀ ಹಾಕು.”

ಮಾರನೆಯ ದಿನ ಬೆಳಿಗ್ಗೆ, ಯಾರೂ ಬರುವ ಮುಂಚೆ, ಹುಡುಗಿಯರ ವಿಶ್ರಾಂತಿ ಕೊಠಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಬಸ್ಸಿನ ವಿಚಾರ ಇಲ್ಲಿ ಕೇಳಿ’ ಎಂದು ಬರೆದು, ಕೆಳಗೆ ನನ್ನ ನಂಬರು ಬರೆದೆ. ಅದರ ಕೆಳಗೆ ಪಾವಗಡ ರಸ್ತೆ ಎಂದು ಬರೆದು, ಅಪ್ಪನ ಹೆಸರು ಬರೆದು, ಹಿಂದೆ ಶ್ರೀ ಹಾಕಿದೆ.