ರಾಶಿಗೆ ಬಗ್ಗಿದ ಅಕ್ಕ

ನಾನು ಚಿಕ್ಕವನಿದ್ದಾಗ ತಳಕಲ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಅಪ್ಪನದು ತೊಗಲಿನ ಕೆಲಸ. ಊರಿನ ರೈತರ ಚಪ್ಪಲಿ, ಬಾರುಕೋಲು, ಎತ್ತಿನ ಕೊರಳಪಟ್ಟಿ ಎಲ್ಲವನ್ನೂ ಅವನು ವರ್ಷವಿಡೀ ಹೊಲಿದುಕೊಡಬೇಕು. ಅದಕ್ಕೆ ಬದಲಾಗಿ ಸುಗ್ಗಿಯಲ್ಲಿ ಅವರು ಕಣದ ರಾಶಿಯಿಂದ ಜೋಳ ಅಳೆದು ಕೊಡಬೇಕು. ಅದಕ್ಕೆ ಆಯ ಎನ್ನುತ್ತಿದ್ದರು. ಆಯ ಬಂದರೆ ನಮಗೆ ರೊಟ್ಟಿ, ಬರದಿದ್ದರೆ ಇಲ್ಲ. ಮೊಮ್ಮಕ್ಕಳೇ, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವ ನಿಮಗೆ ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅಪ್ಪ ಓದು ಕಲಿತದ್ದೇ ಸತ್ಯವೇದ ಓದಲಿಕ್ಕೆ. ಭಾನುವಾರ ಬೇವಿನ ಮರದ ಕೆಳಗೆ ನಮ್ಮನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದ. ಕೇರಿಯವರು ಯಾರು ಬಂದು ಕುಳಿತರೂ ಸರಿಯೇ. ಪುಸ್ತಕದ ಹಾಳೆಗೂ ಅವನ ಕೈಯ ತೊಗಲಿನ ವಾಸನೆ ಹತ್ತಿತ್ತು. ಯಾರಾದರೂ ಕೆಣಕಿದರೆ ಹಾಳೆ ತಿರುವಿ, ಇಂಥಲ್ಲಿ ಹೀಗಿದೆ ನೋಡಿ ಎಂದು ಬಾಯಿ ಮುಚ್ಚಿಸುತ್ತಿದ್ದ. ಕಥೆ ಮುಗಿದ ಮೇಲೆ ನಮಗೆ ಪ್ರಶ್ನೆ ಹಾಕುವುದು ಅವನ ಪದ್ಧತಿ. ನಾನು ಮರದ ಮೇಲಿನ ಕಾಗೆ ನೋಡುತ್ತಿದ್ದೆ. ಅಕ್ಕನಿಗೆ ಮಾತ್ರ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆಗ ಅಪ್ಪನ ಮುಖ ಅರಳುತ್ತಿತ್ತು.

ಆಯ ತೆಗೆದುಕೊಳ್ಳುವವರು ಮೊದಲು ರಾಶಿಗೆ ಹಣೆ ಮುಟ್ಟಿಸಿ ನಮಸ್ಕರಿಸಬೇಕೆಂಬುದು ಊರಿನ ಪದ್ಧತಿ. ಅಪ್ಪ ಅದನ್ನು ಬಿಟ್ಟಿದ್ದ. ಹಿರಿಯ ಗೌಡರು ಇರುವತನಕ ಕಂಡೂ ಕಾಣದಂತೆ ಇದ್ದರು. ಅವರು ತೀರಿಕೊಂಡ ವರ್ಷ ಮಗ ಕಣಕ್ಕೆ ನಿಂತ. ತೂರಿದ ಹೊಟ್ಟು ಗಾಳಿಗೆ ಹಾರಿ ಬಂದು ನಮ್ಮ ಕುತ್ತಿಗೆ ತುರಿಸುತ್ತಿತ್ತು. ಬಿಸಿಲಿನಲ್ಲಿ ಬಿಳಿಜೋಳದ ರಾಶಿ ಕಣ್ಣು ಕುಕ್ಕುತ್ತಿತ್ತು. ಎಲ್ಲರೂ ಬಗ್ಗಿದರು, ಜೋಳ ತೆಗೆದುಕೊಂಡರು. ಅಪ್ಪನ ಸರದಿ ಬಂತು. ಅವನು ಕೈಮುಗಿದು ನಿಂತ.

"ಕೆಲಸಕ್ಕ ಬಗ್ಗತೀನ್ರಿ ಗೌಡ್ರ, ರಾಶಿಗೆ ಬಗ್ಗೂದಿಲ್ರಿ" ಎಂದ.

ಸಣ್ಣ ಗೌಡ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಮ್ಮ ಬುಟ್ಟಿಯನ್ನು ತುಂಬಿಸಿದ, ಅಪ್ಪನ ಮುಂದೆ ಹಿಡಿಸಿದ, ಮತ್ತೆ ರಾಶಿಗೇ ಸುರಿಸಿದ. ಅಪ್ಪ ಹೊಲಿದ ಚಪ್ಪಲಿ ಮೆಟ್ಟಿಕೊಂಡು ನಿಂತವರೆಲ್ಲ ನಕ್ಕರು. ಆಮೇಲೆ ಗೌಡನ ಕಣ್ಣು ಅಕ್ಕನ ಮೇಲೆ ಬಿತ್ತು.

"ನಿಮ್ಮಪ್ಪಗ ಸೊಂಟ ಬಗ್ಗೂದಿಲ್ಲ. ನೀ ಬಗ್ಗು, ಜೋಳ ಒಯ್ಯಿ."

ಅಕ್ಕ ಅಪ್ಪನನ್ನು ನೋಡಿದಳು. ಅಪ್ಪ ಆಕಾಶ ನೋಡುತ್ತಿದ್ದ. ಅವಳು ನನ್ನನ್ನು ನೋಡಿದಳು, ನನ್ನ ಹೊಟ್ಟೆ ನೋಡಿದಳು. ಮೊಣಕಾಲೂರಿ ಹಣೆಯನ್ನು ರಾಶಿಗೆ ಹಚ್ಚಿದಳು. ಬುಟ್ಟಿ ತುಂಬಿತು.

ಮನೆಗೆ ಬಂದಾಗ ಅವ್ವ ಬೀಸುಕಲ್ಲು ಒರೆಸಿ ಇಟ್ಟಿದ್ದಳು. ಅಪ್ಪ ಬಾಗಿಲಿಗೆ ಅಡ್ಡ ನಿಂತ. ಆ ಜೋಳ ಹೊಸ್ತಿಲು ದಾಟಬಾರದು ಎಂದ. ಬೆಂಕಿಗೆ ಬೀಳುವುದಾದರೂ ಸರಿ, ರಾಜನ ವಿಗ್ರಹಕ್ಕೆ ಬಗ್ಗುವುದಿಲ್ಲ ಎಂದ ಸತ್ಯವೇದದ ಆ ಮೂವರ ಕಥೆ ಮರೆತೆಯಾ ಎಂದು ಕೇಳಿದ. ಅಕ್ಕ ಬುಟ್ಟಿಯನ್ನು ತಲೆಯಿಂದ ಇಳಿಸಲಿಲ್ಲ. ಅದೇ ಪುಸ್ತಕದಲ್ಲಿ ಕುಷ್ಠ ವಾಸಿಯಾದ ಸೇನಾಪತಿಯೂ ಇದ್ದಾನಲ್ಲ ಎಂದಳು. ತನ್ನ ಅರಸನ ಜೊತೆ ಬೇರೆ ಗುಡಿಯಲ್ಲಿ ಬಗ್ಗಬೇಕಾಗುತ್ತದೆ, ಕ್ಷಮೆ ಇರಲಿ ಎಂದು ಅವನು ಪ್ರವಾದಿಯನ್ನು ಬೇಡಿಕೊಂಡಿದ್ದ. ಪ್ರವಾದಿ ಬೈಯದೆ ಸಮಾಧಾನದಿಂದಲೇ ಕಳಿಸಿದ್ದ. ಆ ಕಥೆ ಹೇಳಿಕೊಟ್ಟವನೂ ಅಪ್ಪನೇ.

"ಅವಂಗ ಹೇಳಿದ್ದು ನಮಗ ಅಲ್ಲೇನಪಾ?" ಎಂದಳು.

ಊರಿಗೆಲ್ಲ ಉತ್ತರ ಕೊಡುತ್ತಿದ್ದ ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದ್ದಕ್ಕೇ ಅವನು ಕಲ್ಲಾದ ಎಂದು ನನಗೆ ಈಗ ಅನ್ನಿಸುತ್ತದೆ. ಜೋಳವನ್ನು ನೀನೇ ಒಯ್ದು ಎಲ್ಲರ ಮುಂದೆ ರಾಶಿಗೆ ಸುರಿದು ಬಾ ಎಂದ. ಮಕ್ಕಳ ಮುಖ ನೋಡು ಎಂದು ಅವ್ವ ಅವನ ಕಾಲಿಗೆ ಬಿದ್ದಳು. ರಾಶಿಗೆ ಬಗ್ಗಬಾರದು ಎಂದವನು ಹೆಂಡತಿ ತನಗೆ ಬಗ್ಗಿದ್ದನ್ನು ತಪ್ಪೆನ್ನಲಿಲ್ಲ.

ಅಕ್ಕ ಮುಂದೆ, ಅಪ್ಪ ಹಿಂದೆ, ನಾನು ಅವನ ಹಿಂದೆ. ಅವಳು ಜೋಳ ಸುರಿಯುವಾಗ ಕಣದಲ್ಲಿ ಯಾರೂ ನಗಲಿಲ್ಲ. ಗೌಡ ಮಾತ್ರ ಮೀಸೆಯಲ್ಲೇ ನಕ್ಕ.

"ನಾ ಬರೇ ಬಗ್ಗಂದೆ. ನೀ ಕೂಸಿನ ಬಾಯಾಗಿನ ತುತ್ತು ಕಸಗೊಂಡಿ. ಜಬರ್ದಸ್ತಿ ನಂದೋ, ನಿಂದೋ?"

ಅಂಥ ಪಾಪಿಯ ಬಾಯಲ್ಲಿ ನಿಜ ಬಂತಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ವರ್ಷ ನಾವು ತಿಂದದ್ದು ಹೆಚ್ಚಾಗಿ ಸೊಪ್ಪು, ಅವ್ವ ಕೂಲಿಗೆ ಹೋಗಿ ತಂದ ನುಚ್ಚು. ಮುಂದಿನ ಭಾನುವಾರ ಅಪ್ಪ ಮರದ ಕೆಳಗೆ ಕಥೆ ಹೇಳಿ ಪ್ರಶ್ನೆ ಕೇಳಿದ. ಅಕ್ಕ ನೆಲ ನೋಡುತ್ತ ಕುಳಿತಳು. ಅವಳಿಗೆ ಉತ್ತರ ಬರುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಸಾಯುವತನಕ ಅವಳು ಪ್ರಾರ್ಥನೆ ಬಿಡಲಿಲ್ಲ, ಆದರೆ ಆ ಪುಸ್ತಕದ ಬಗ್ಗೆ ಯಾರೊಂದಿಗೂ ಒಂದು ಮಾತು ಆಡಲಿಲ್ಲ.

ಗಿಣಿಗೇರಾದ ಈ ಮನೆಯಲ್ಲಿ ನಿಮ್ಮಪ್ಪ ಫ್ಯಾಕ್ಟರಿಯ ಪಗಾರದಲ್ಲಿ ತಿಂಗಳಿಗೊಮ್ಮೆ ಅಕ್ಕಿ ತರುತ್ತಾನೆ. ನಿಮಗೆ ಸತ್ಯವೇದ ಮೊಬೈಲಿನಲ್ಲಿದೆ. ಭಾನುವಾರದ ಪಾಠದಲ್ಲಿ ಎದುರು ಪ್ರಶ್ನೆ ಕೇಳಿದರೆ ಟೀಚರು ನಿಮ್ಮನ್ನು ಜಾಣರು ಎನ್ನುತ್ತಾರೆ. ಹೋದ ವಾರ ನಿಮ್ಮಲ್ಲೊಬ್ಬಳು ನನ್ನ ತೊಡೆಯ ಮೇಲೆ ಕುಳಿತು, ತಾತಾ, ಆ ಸೇನಾಪತಿ ಬಗ್ಗಿದ್ದು ತಪ್ಪಾ ಎಂದು ಕೇಳಿದಳು. ತಪ್ಪಲ್ಲ ಕೂಸೇ ಎಂದೆ. ಹೇಳುವ ಮೊದಲು, ನನ್ನ ಅಪ್ಪ ನಿಂತಿದ್ದಾನೇನೋ ಎಂದು ಬಾಗಿಲ ಕಡೆ ನೋಡಿದೆ.