ಕಾಶಿಂಬಿಯ ಗಾಡಿ ತೊಟ್ಟ ಕಡಗ

ಉಗರಗೋಳದಲ್ಲಿ ಬಳೆಗಾರ್ತಿ ಕಾಶಿಂಬಿಯ ಗಾಡಿ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಕಣ್ಣಿಗೆ ಆಮೇಲೆ. ಮುಂದೆ ಇಂಜಿನ್ನಿನ ಫಟಫಟ, ಅದರ ಬೆನ್ನಿಗೆ ಬಳೆಗಳ ಝಣಝಣ, ಅದರ ಬೆನ್ನಿಗೆ "ಯಾರರೆ ಕಲ್ಲ ಇಡ್ರಪಾ" ಎಂಬ ಕೂಗು. ಫಟಫಟ, ಝಣಝಣ ಎರಡೂ ಇಂದಿಗೂ ಇವೆ. ಮೂರನೆಯ ಸದ್ದು ಹೇಗೆ ನಿಂತಿತು ಎಂಬುದನ್ನು ನಾನು ಹತ್ತಿರದಿಂದ ಬಲ್ಲವನು.

ಮೂರು ವರ್ಷದವಳಿದ್ದಾಗಲೇ ಪೋಲಿಯೋ ಬಡಿದು ಕಾಶಿಂಬಿಯ ಬಲಗಾಲು ಬತ್ತಿ ಹೋಗಿತ್ತು. ಉಳಿದದ್ದೆಲ್ಲ ಗಟ್ಟಿ. ಎಡಗಾಲು ಗಟ್ಟಿ, ರಟ್ಟೆ ಗಟ್ಟಿ, ನಾಲಿಗೆಯಂತೂ ಗರಗಸ. ತಾಯಿಯಿಂದ ಬಳೆ ತೊಡಿಸುವ ಕೆಲಸ ಕಲಿತು, ತಮ್ಮ ಇಮಾಮಹುಸೇನನ ಸೈಕಲ್ಲಿನ ಹಿಂದೆ ಕುಳಿತು ಹತ್ತೂರು ತಿರುಗುತ್ತಿದ್ದಳು. ಹೆಂಗಸರ ಕೈಯನ್ನು ಒಮ್ಮೆ ಹಿಚುಕಿ ನೋಡಿದರೆ ಸಾಕು, ಬಳೆಯ ಅಳತೆ ಹೇಳಿಬಿಡುತ್ತಿದ್ದಳು. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ತಪ್ಪಿದ್ದನ್ನು ನಾನು ಕೇಳಿಲ್ಲ.

ಇಮಾಮಹುಸೇನನಿಗೆ ಲಾರಿ ಡ್ರೈವರ್ ಕೆಲಸ ಸಿಕ್ಕಿತು. ಸೈಕಲ್ಲು ಗೋಡೆಗೆ ಒರಗಿತು, ಅಕ್ಕ ಮನೆಯಲ್ಲಿ ಕುಳಿತಳು. ಮೂರು ತಿಂಗಳು ಕುಳಿತಳು. ಆ ಮೂರು ತಿಂಗಳಲ್ಲಿ ಅವಳ ಬಾಯಿಗೆ ಸಿಕ್ಕ ಓಣಿಯವರೆಲ್ಲ, ಇವಳು ಎಲ್ಲಿಗಾದರೂ ಹೋಗಲಿ ದೇವರೇ ಎಂದು ಬೇಡಿಕೊಂಡರು. ದೇವರು ಕೇಳಿದ. ಬೈಲಹೊಂಗಲದ ವೆಲ್ಡಿಂಗ್ ಮೇಸ್ತ್ರಿ ಶಟ್ಟೆಪ್ಪ ಒಂದು ಮುದಿ ಮೋಟರ್ ಸೈಕಲ್ಲಿನ ಹಿಂದಿನ ಗಾಲಿ ಕಿತ್ತು, ಅಲ್ಲಿಗೆ ಎರಡು ಗಾಲಿ ಕೂಡಿಸಿ, ಮೇಲೊಂದು ಬಳೆಪೆಟ್ಟಿಗೆ ಕಟ್ಟಿ ಕೊಟ್ಟ. ಗೇರು ಎಡಗಾಲಿಗೆ ಮೊದಲೇ ಇತ್ತು. ಬ್ರೇಕು ಬಲಗಾಲಿನದು. ಅದನ್ನು ಅವನು ತಂತಿ ಎಳೆದು, ಮುಂದಿನ ಬ್ರೇಕಿನ ಜೊತೆ ಜೋಡಿಸಿ, ಬಲಗೈಯ ಒಂದೇ ಲಿವರಿಗೆ ತಂದಿಟ್ಟ. ಕಾಶಿಂಬಿ ಆ ಲಿವರು ಹಿಚುಕಿದರೆ ಮೂರೂ ಗಾಲಿ ಗಪ್ಪನೆ ನಿಲ್ಲುತ್ತಿದ್ದವು.

ಬಿಟ್ಟರೆ ಹೊರಡುತ್ತಿದ್ದವು. ಎಡವಟ್ಟು ಇದ್ದದ್ದೇ ಅಲ್ಲಿ.

ನಮ್ಮೂರು ಗುಡ್ಡದ ಮಗ್ಗುಲಲ್ಲಿ ಮಲಗಿದ ಊರು. ಸಪಾಟು ನೆಲ ಬೇಕೆಂದರೆ ಮನೆಯೊಳಗೆ ಹೋಗಬೇಕು. ಗೇರಿನಲ್ಲಿಟ್ಟು ನಿಲ್ಲಿಸಿದರೂ ಆ ಮುದಿ ಇಂಜಿನ್ನಿಗೆ ಹಿಡಿದುಕೊಳ್ಳುವ ಕಸುವಿರಲಿಲ್ಲ. ಅಜ್ಜ ಮೆಟ್ಟಿಲಿಳಿದಂತೆ ಟಕ್ಕು ಟಕ್ಕು ಎಂದು ಒಂದೊಂದೇ ಹೆಜ್ಜೆ ಜಾರುತ್ತಿತ್ತು. ಕಾಶಿಂಬಿ ಬ್ರೇಕು ಬಿಡದೆ ಇಳಿಯುವಂತಿಲ್ಲ, ಇಳಿಯದೆ ಗಾಲಿಗೆ ಕಲ್ಲಿಡುವಂತಿಲ್ಲ. ಹೀಗಾಗಿ ಹೋದಲ್ಲೆಲ್ಲ ಕಲ್ಲಿಡುವವರನ್ನು ಕೂಗಬೇಕು. ಒಮ್ಮೆ ಯಾರೋ ಸಣ್ಣ ಕಲ್ಲಿಟ್ಟು ಹೋದರು. ಅವಳು ಇಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಗಾಡಿ ತಾನೇ ತಿರುವು ತೆಗೆದುಕೊಂಡು, ಎದುರಿನ ಚಹಾದಂಗಡಿಯ ಬಾಗಿಲಲ್ಲಿ ಗಿರಾಕಿಯಂತೆ ಹೋಗಿ ನಿಂತಿತು. ಅಂಗಡಿಯವನು ತಲೆ ಎತ್ತದೆ, ಎಷ್ಟು ಚಹಾ ಎಂದು ಕೇಳಿದನಂತೆ.

ನಾನು ಬಡಿಗ. ಯಾರ ಕೈಕೆಳಗೂ ಕುಳಿತು ಕಲಿತವನಲ್ಲ. ಬಾಚಿಯನ್ನೇ ಕೇಳಿ ಕೇಳಿ ಕಲಿತವನು. ಈ ಸೀಮೆಯಲ್ಲಿ ನಾನು ಮಾಡಿದ ಕೂರಿಗೆ ಬೇಡವೆಂದ ರೈತನಿಲ್ಲ. ಕಾಶಿಂಬಿಯ ಗಾಡಿಗೆಂದು ಜಾಲಿಯ ತಿರುಳಿನಲ್ಲಿ ಒಂದು ಬೆಣೆ ಕೆತ್ತಿದೆ. ಗಾಲಿಯ ಅಡಿಗೆ ಅದನ್ನು ಒತ್ತಿದರೆ ಆನೆ ಜಗ್ಗಿದರೂ ಗಾಡಿ ಅಲುಗಬಾರದು, ಹಾಗಿತ್ತು. ಆದರೆ ಬೆಣೆಯೂ ಕಲ್ಲಿನಂತೆ ತಾನಾಗಿ ನಡೆದು ಗಾಲಿಯ ಹತ್ತಿರ ಹೋಗುವುದಿಲ್ಲ. ಅದನ್ನು ಹಿಡಿದು ಹಿಂದೆ ಕುಳಿತುಕೊಳ್ಳಲು ಒಬ್ಬರು ಬೇಕು. ನನಗೂ ಕೆಲಸ ಕಡಿಮೆಯಾಗಿತ್ತು, ಕುಳಿತುಕೊಂಡೆ. ನಾನು ಬರಲಾಗದ ದಿನ ಮತ್ತೆ ಅದೇ ಕೂಗು.

ಹೀಗೆ ಎರಡು ವರ್ಷ ನಡೆಯಿತು. ತೊಂಬತ್ತೇಳರ ಚಳಿಗಾಲದಲ್ಲಿ ಪೊಲೀಸರು ಸವದತ್ತಿಯ ರಸ್ತೆಯಲ್ಲಿ ಕೈ ಅಡ್ಡ ಹಿಡಿದರು. ನಂಬರಿಲ್ಲದ ಗಾಡಿ, ಕಾಗದವಿಲ್ಲದ ಗಾಡಿ. ಕಾಲಿಲ್ಲದ ಹೆಣ್ಣುಮಗಳೆಂದು ಈ ಸಲ ಬಿಟ್ಟೆವು, ಪಾಸು ಮಾಡಿಸಿಕೊಳ್ಳದೆ ಮತ್ತೆ ರಸ್ತೆಗೆ ತಂದರೆ ಗಾಡಿ ಠಾಣೆಯಲ್ಲಿ ಇರುತ್ತದೆ ಎಂದರು. ಇಮಾಮಹುಸೇನ ಲಾರಿಯಿಂದ ಬಂದವನು ಇದನ್ನು ಕೇಳಿ ಅಕ್ಕನ ಎದುರು ಕುಳಿತ. ಪಾಸಾದರೆ ಸರಿ, ಆಗದಿದ್ದರೆ ಗಾಡಿ ಬಿಚ್ಚಿ ಶಟ್ಟೆಪ್ಪನಿಗೇ ಮರಳಿ ಕೊಡೋಣ, ನೀನು ಮನೆಯ ಕಟ್ಟೆಯ ಮೇಲೆಯೇ ಬಳೆ ಮಾರು ಎಂದ. ಕಾಶಿಂಬಿ ಎದ್ದು ಹೋಗಿ ಗಾಡಿಯ ಬಳೆಪೆಟ್ಟಿಗೆಯ ಧೂಳು ಒರೆಸತೊಡಗಿದಳು. ಮನೆಯಲ್ಲಿ ಕುಳಿತ ಆ ಮೂರು ತಿಂಗಳು ಅವಳ ಕಣ್ಣ ಮುಂದೆ ಬಂದಿರಬೇಕು.

ವಾಹನ ತಪಾಸಣೆಯ ಸಾಹೇಬರು ತಿಂಗಳಿಗೊಮ್ಮೆ ಬೈಲಹೊಂಗಲಕ್ಕೆ ಬರುತ್ತಿದ್ದರು. ಮಾರ್ಕೆಟ್ ಯಾರ್ಡಿನ ಹಿಂದಿನ ಇಳಿಜಾರಿನಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದರು. ಗಾಡಿಯನ್ನು ಸುತ್ತು ಹಾಕಿ ನೋಡಿದರು, ಕಾಶಿಂಬಿಯನ್ನು ಒಂದು ಸುತ್ತು ಓಡಿಸಲು ಹೇಳಿದರು, ತಲೆದೂಗಿದರು. ಆಮೇಲೆ ಇಲ್ಲೇ ನಿಲ್ಲಿಸಿ ಇಳಿಯಿರಿ ಎಂದರು. ನಾನು ಟಣ್ಣನೆ ಜಿಗಿದು ಬೆಣೆ ಒತ್ತಿ, ಮೀಸೆ ತಿರುವಿಕೊಂಡು ನಿಂತೆ.

ಸಾಹೇಬರು ನನ್ನನ್ನು ನೋಡಿದರು. "ನೀವು ಯಾರ್ರಿ?"

"ಬೆಣಿ ಇಡಾಂವರಿ."

"ನೀವು ಇಲ್ಲದಾಗ ಯಾರ ಇಡತಾರ?"

ನನ್ನ ಮೀಸೆ ತಾನಾಗಿಯೇ ಕೆಳಗಿಳಿಯಿತು. ಸಾಹೇಬರು ಕೆಟ್ಟವರಲ್ಲ, ಆದರೆ ಅವರ ಮಾತು ಸರಳವಾಗಿತ್ತು. ಗಾಡಿಯನ್ನು ಅವಳೇ ನಿಲ್ಲಿಸಬೇಕು, ಅವಳೇ ಇಳಿಯಬೇಕು, ತಾವು ಒಂದು ಚಹಾ ಕುಡಿದು ಮುಗಿಸುವವರೆಗೆ ಗಾಡಿ ಯಾರ ಹಂಗೂ ಇಲ್ಲದೆ ಇಳಿಜಾರಿನಲ್ಲಿ ನಿಲ್ಲಬೇಕು. ನಿಂತರೆ ಪಾಸು.

ಶಟ್ಟೆಪ್ಪ ಅಲ್ಲೇ ಇದ್ದ. ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿ ಕಾಶಿಂಬಿಯ ಕೈಗೆ ಕೊಟ್ಟು, ಲಿವರನ್ನು ಹ್ಯಾಂಡಲ್ಲಿನ ಹಿಡಿಗೆ ಸುತ್ತಿ ಬಿಗಿ ಎಂದ. ಅವಳು ಬಿಗಿದಳು, ಇಳಿದಳು, ಗಾಡಿ ನಿಂತಿತು. ಸಾಹೇಬರಿಗೆ ಚಹಾ ಬಂತು. ಅರ್ಧ ಕಪ್ಪಿನವರೆಗೆ ಎಲ್ಲ ಸರಿಯಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಟ್ಯೂಬು ಮೆತ್ತಗಾಗಿ, ನಾಲಿಗೆ ಚಾಚಿದಂತೆ ಉದ್ದವಾಯಿತು. ಗಾಡಿ ಮೊದಲು ಒಂದು ಗೇಣು ಹಿಂದೆ ಸರಿಯಿತು, ಯಾರಾದರೂ ನೋಡಿದರೇ ಎಂದು ತಡೆದಂತೆ ತಡೆಯಿತು, ಆಮೇಲೆ ನಾಚಿಕೆ ಬಿಟ್ಟು ಹೊರಟಿತು. ಬಳೆಗಳು ಝಣಝಣ, ಹಿಂದೆ ಶಟ್ಟೆಪ್ಪ, ಅವನ ಹಿಂದೆ ಬೆಣೆ ಹಿಡಿದು ನಾನು, ನನ್ನ ಹಿಂದೆ ಚಹಾದ ಕಪ್ಪು ಹಿಡಿದೇ ಸಾಹೇಬರು. ಕೆಳಗೆ ಹತ್ತಿ ತುಂಬಿದ ದೊಡ್ಡ ಚೀಲಗಳ, ಅಂಡಿಗೆಗಳ, ರಾಶಿ ಇತ್ತು. ಗಾಡಿ ಅದರಲ್ಲಿ ಮೆತ್ತಗೆ ಹೊಕ್ಕು ಮಲಗಿತು. ಪೆಟ್ಟಿಗೆ ತೆರೆದು ನೋಡಿದರೆ ಒಂದು ಬಳೆಯೂ ಒಡೆದಿರಲಿಲ್ಲ.

ಮೇಲೆ ಕಾಶಿಂಬಿ ಸಾಹೇಬರ ಬೆಂಚಿನ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸಾಹೇಬರು ಏದುಸಿರು ಬಿಡುತ್ತ ಬಂದು ಮುಂದಿನ ತಿಂಗಳು ಬನ್ನಿ ಎಂದರು. ಅದೇ ಕೊನೆಯ ಅವಕಾಶ ಎಂದೂ ಸೇರಿಸಿದರು. ಆಗ ಅವಳ ನಗು ನಿಂತಿತು.

ಆ ತಿಂಗಳು ನಾವು ಮಾಡದ ಪ್ರಯೋಗವಿಲ್ಲ. ಹಗ್ಗ ಕಟ್ಟಿದರೆ ಗಂಟು ಬಿಗಿಯುವಷ್ಟರಲ್ಲಿ ಲಿವರು ಸಡಿಲಾಗುತ್ತಿತ್ತು, ಏಕೆಂದರೆ ಗಂಟಿಗೆ ಎರಡು ಕೈ ಬೇಕು, ಒಂದು ಕೈ ಬ್ರೇಕು ಹಿಡಿದಿರಬೇಕು. ನಾನು ಹಗ್ಗದಿಂದ ಇಳಿಬಿಡುವ ಬೆಣೆ ಮಾಡಿದೆ. ಅದು ಗಾಲಿಯ ಅಡಿಗೆ ಬೀಳುವ ಬದಲು ನನ್ನ ಪಾದದ ಮೇಲೆ ಬಿತ್ತು. ಗುಡ್ಡದ ದಾರಿಯಲ್ಲಿ ಹಾಲು ಮಾರುವ ಹಣಮಂತಪ್ಪ ದಿನಾ ತನ್ನ ಮೋಟರ್ ಸೈಕಲ್ ನಿಲ್ಲಿಸಿ, ಗಾಡಿಗೊಂದು ದಾವಣಿ ಹಾಕಿ ದನದಂತೆ ಗೂಟಕ್ಕೆ ಕಟ್ಟಿರಿ ಎಂದು ಬುದ್ಧಿ ಹೇಳಿ ಹೋಗುತ್ತಿದ್ದ.

ಪಾದ ಬಾತು ನಾನು ಮನೆಯಲ್ಲಿ ಬಿದ್ದಿದ್ದ ದಿನವೇ ಸಿರಸಂಗಿಯಿಂದ ಕರೆ ಬಂತು. ಮಾಯವ್ವ ಎಂಬ ಮುದುಕಿಯ ಮೊಮ್ಮಗಳು ಮಾಲಾಳ ಮದುವೆ, ಬಳೆ ತೊಡಿಸಬೇಕು. ಪೊಲೀಸರ ಕಣ್ಣು ತಪ್ಪಿಸಿ ಹೊಲದ ದಾರಿ ಹಿಡಿದು ಕಾಶಿಂಬಿ ಒಬ್ಬಳೇ ಹೋದಳು. ಮುಂದಿನದನ್ನು ಮಾಯವ್ವನೇ ನನಗೆ ಹೇಳಿದ್ದು.

ಮನೆಯ ಮುಂದೆ ಇಳುಕಲು. ಗಂಡಸರೆಲ್ಲ ಹೊಲದಲ್ಲಿದ್ದರು, ಜಾರುವ ಗಾಡಿಯ ಹತ್ತಿರ ಹೋಗಿ ಕಲ್ಲಿಡಲು ಹೆಂಗಸರು ಹೆದರಿದರು. ಕಾಶಿಂಬಿ ಗಾಡಿಯಿಂದ ಇಳಿಯಲೇ ಇಲ್ಲ. ಬಲಗೈಯಲ್ಲಿ ಬ್ರೇಕು ಹಿಡಿದುಕೊಂಡೇ, ಎಡಗೈಯೊಂದರಿಂದಲೇ ಮದುಮಗಳಿಗೆ ಬಳೆ ತೊಡಿಸಲು ಕುಳಿತಳು. ಮಾಲಾಳ ಕೈ ಬಿರುಸು. ಒಂದೇ ಕೈಯಲ್ಲಿ ಅದನ್ನು ಹಿಚುಕಿ, ಹೆಬ್ಬೆರಳು ಒಳಗೆ ಮಡಚಿ, ಬಳೆಯನ್ನು ಗೆಣ್ಣು ದಾಟಿಸಲು ಒದ್ದಾಡುತ್ತಿದ್ದಳು.

ಮಾಯವ್ವನಿಗೆ ನೋಡಲಾಗಲಿಲ್ಲ. "ಆ ಕೈ ಬಿಟ್ಟ ಈ ಕೈಗೆ ಬಾರವ್ವಾ. ಮದಲಿಂಗನ ಕೈ ಹಿಡಿದಂಗ ಹಿಡಕೊಂಡ ಕುಂತೀಯಲ್ಲ ಅದನ್ನ."

ಹೆಂಗಸರು ನಕ್ಕರು. ಕಾಶಿಂಬಿ ನಗಲಿಲ್ಲ. ತನ್ನ ಬಲಗೈಯನ್ನು ನೋಡಿದಳು, ಎಡಗೈಯನ್ನು ನೋಡಿದಳು. ಎರಡೂ ಒಂದೇ ಕೆಲಸ ಮಾಡುತ್ತಿದ್ದವು. ಎರಡೂ ಹಿಚುಕಿ ಹಿಡಿದಿದ್ದವು. ಮಾಲಾಳ ಕೈಯನ್ನು ಹಿಚುಕಿದ ಮೇಲೆ ಏನು ಮಾಡಬೇಕೆಂದು ಅವಳಿಗೆ ಮೂವತ್ತು ವರ್ಷದಿಂದ ಗೊತ್ತಿತ್ತು.

"ಅಲ್ಲ, ಇದೂ ಒಂದ ಕೈನ ಐತಲ್ಲ" ಎಂದಳು.

ಮದುಮಗಳ ಕೈಯನ್ನು ಅಲ್ಲಿಗೇ ಬಿಟ್ಟು ಪೆಟ್ಟಿಗೆಗೆ ಕೈ ಹಾಕಿದಳು. ಮೊದಲು ಲಿವರು, ಹಿಡಿ ಎರಡರ ಮೇಲೂ ಗಾಜಿನ ಬಳೆ ಏರಿಸಿದಳು, ಅದು ಚಟ್ಟನೆ ಒಡೆಯಿತು. ಪ್ಲಾಸ್ಟಿಕ್ಕಿನದು ಬಾಗಿತು. ಕೊನೆಗೆ ಕಣ್ಣು ಮುಚ್ಚಿ, ಲಿವರು ಮತ್ತು ಹಿಡಿಯನ್ನು ಒಟ್ಟಿಗೆ ಒಮ್ಮೆ ಗಟ್ಟಿಯಾಗಿ ಹಿಚುಕಿ, "ಎರಡು-ಎಂಟು" ಎಂದು ತನಗೆ ತಾನೇ ಹೇಳಿಕೊಂಡಳು. ಆ ಅಳತೆಯ ದಪ್ಪನೆಯ ಹಿತ್ತಾಳೆ ಕಡಗವನ್ನು ಹಿಡಿಯ ತುದಿಯಿಂದ ಜಾರಿಸಿ ಕೈ ಬಿಟ್ಟಳು. ಲಿವರು ಬಿಚ್ಚಿಕೊಳ್ಳಲು ಹೊರಟು ಕಡಗಕ್ಕೆ ಒತ್ತಿ ನಿಂತಿತು. ಗಾಡಿ ಅಲುಗಲಿಲ್ಲ. ಕಾಶಿಂಬಿ ಇಳಿದಳು. ಎರಡು ವರ್ಷದಲ್ಲಿ ಮೊದಲ ಸಲ, ಯಾರನ್ನೂ ಕೂಗದೆ, ಯಾರ ಬೆಣೆಯನ್ನೂ ಕಾಯದೆ ಇಳಿದಳು. ಆಮೇಲೆ ಮಾಲಾಳಿಗೆ ಎರಡೂ ಕೈ ಹಚ್ಚಿ ತೊಡಿಸಿದಳಂತೆ, ಹುಡುಗಿಗೆ ನೋವೇ ತಿಳಿಯಲಿಲ್ಲವಂತೆ.

ಸುದ್ದಿ ಊರಿಗೆ ಬರುವುದು ತಡವಾಗಲಿಲ್ಲ. ಹಣಮಂತಪ್ಪ ಹಾಲಿನ ಕ್ಯಾನು ಇಳಿಸಿ, ಕಡಗವನ್ನು ಬಗ್ಗಿ ನೋಡಿ, ಇನ್ನು ಈ ಗಾಡಿಯನ್ನು ಗಂಡಸರು ಯಾರೂ ಮುಟ್ಟುವಂತಿಲ್ಲ, ಬಳೆ ತೊಟ್ಟುಕೊಂಡಿದೆ ಎಂದು ಚಾವಡಿಗೆಲ್ಲ ಕೇಳುವಂತೆ ಹೇಳಿದ. ಕಾಶಿಂಬಿ ಬಳೆ ಒರೆಸುತ್ತಲೇ, "ನಿನ್ನ ಗಾಡಿ ಗಂಡಸ ಐತಿ ನೋಡಪಾ, ಅದಕ್ಕ ಎಲ್ಲೆ ನಿಲ್ಲಿಸಿದರೂ ಉಳ್ಳಿ ಬೀಳತೈತಿ" ಎಂದಳು.

ತಿಂಗಳು ತುಂಬಿತು. ಅದೇ ಇಳಿಜಾರು, ಅದೇ ಮೇಜು. ಹತ್ತಿ ಅಂಡಿಗೆಗಳನ್ನು ಮಾತ್ರ ಯಾರೋ ತೆಗೆದಿದ್ದರು. ಈ ಸಲ ಜಾರಿದರೆ ಕೆಳಗೆ ಕಲ್ಲಿನ ಗೋಡೆ. ಕಾಶಿಂಬಿ ಗಾಡಿ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಕಡಗ ತೊಡಿಸಿ ಇಳಿದಳು. ಸಾಹೇಬರು ಚಹಾ ಹೇಳಿದರು. ನಾನು ಬೆಣೆಯನ್ನು ಅಂಗಿಯೊಳಗೆ ಇಟ್ಟುಕೊಂಡು ದೇವರನ್ನು ನೆನೆಯುತ್ತಿದ್ದೆ.

ಅಷ್ಟು ನಿಧಾನವಾಗಿ ಚಹಾ ಕುಡಿದವರನ್ನು ನಾನು ನೋಡಿಲ್ಲ. ಊದಿ ಊದಿ ಕುಡಿದರು. ನಡುವೆ ಯಾರದೋ ಟ್ರ್ಯಾಕ್ಟರಿನ ಕಾಗದ ನೋಡಿದರು. ಕಪ್ಪು ಮುಗಿಯಿತು, ಇನ್ನೊಂದು ತರಿಸಿದರು. ಇಮಾಮಹುಸೇನ ಉಗುರು ಕಚ್ಚುತ್ತಿದ್ದ. ಎರಡನೆಯ ಕಪ್ಪೂ ಮುಗಿಯಿತು. ಗಾಡಿ ನಿಂತಲ್ಲೇ ನಿಂತಿತ್ತು. ಸಾಹೇಬರು ಎದ್ದು ಹೋಗಿ ಹಿಂದಿನಿಂದ ಜಗ್ಗಿದರು, ಮುಂದಿನಿಂದ ದೂಡಿದರು. ಶಟ್ಟೆಪ್ಪನನ್ನೂ ಕರೆದು ದೂಡಿಸಿದರು. ಆಮೇಲೆ ಕಡಗಕ್ಕೇ ಕೈ ಹಾಕಿ ಎಳೆದರು. ಅದು ಬರಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಎಳೆದರು.

"ಹಂಗ ಜಗ್ಗಿದರ ಬರೂದಿಲ್ರಿ ಸಾಹೇಬ್ರ" ಎಂದಳು ಕಾಶಿಂಬಿ. "ಮೊದಲ ಕೈ ಹಿಚುಕಬೇಕು, ಆಮ್ಯಾಲ ಬಳಿ ಸರಸಬೇಕು. ಮನ್ಯಾಗ ನೋಡಿಲ್ಲೇನ್ರಿ?"

ಸಾಹೇಬರು ಲಿವರು ಹಿಚುಕಿದರು. ಕಡಗ ಬೆಣ್ಣೆಯಂತೆ ಜಾರಿ ಅವರ ಕೈಗೆ ಬಂತು. ಬ್ರೇಕು ಹಿಡಿದ ಕೈಯನ್ನು ಬಿಡಲಾಗದೆ, ಬಳೆ ಹಿಡಿದ ಕೈಯಿಂದ ಏನು ಮಾಡಬೇಕೆಂದು ತಿಳಿಯದೆ, ಅವರು ಅಲ್ಲೇ ನಿಂತುಬಿಟ್ಟರು. ಕಾಶಿಂಬಿ ಹೋಗಿ ತೊಡಿಸಿ ಬಿಡಿಸಿದಳು. ಗುಮಾಸ್ತ ಪೆನ್ನು ಎತ್ತಿ, ನಿಲ್ಲಿಸುವ ಬ್ರೇಕಿನ ಖಾನೆಯಲ್ಲಿ ಏನು ಬರೆಯಲಿ ಎಂದು ಕೇಳಿದ. ಸಾಹೇಬರು ಕಡಗದ ಕಡೆಗೊಮ್ಮೆ ನೋಡಿದರು.

"ಐತಿ ಅಂತ ಬರಿ. ಏನೈತಿ ಅಂತ ಬರೀಬ್ಯಾಡ."

ಪಾಸಾದ ಕಾಗದ ಕೈಗೆ ಬಂದದ್ದೇ ತಡ, ಕಾಶಿಂಬಿ ಕಡಗ ಸರಿಸಿ, ಎಡಗಾಲಿನಿಂದ ಕಿಕ್ಕು ಹೊಡೆದು ಹೊರಟೇಬಿಟ್ಟಳು. ಯಾರ್ಡಿನ ಗೇಟು ದಾಟಿದಳು, ತಿರುವು ದಾಟಿದಳು, ಝಣಝಣ ಸದ್ದೂ ದೂರವಾಯಿತು. ನಾನು ಬೆಣೆ ಹಿಡಿದುಕೊಂಡು ರಸ್ತೆಯ ಬದಿಗೆ ನಿಂತಿದ್ದೆ. ಅವಳಿಗೆ ನನ್ನ ನೆನಪೇ ಆಗಿರಲಿಲ್ಲ. ಎರಡು ವರ್ಷ ಅವಳ ಬೆನ್ನ ಹಿಂದೆ ಕುಳಿತವನು ನಾನು. ಸಿಟ್ಟು ಬರಬೇಕಿತ್ತು, ಬಂದದ್ದು ನಗು.

ಸ್ವಲ್ಪ ಹೊತ್ತಿಗೆ ಗಾಡಿ ತಿರುಗಿ ಬಂತು. ಅವಳು ನನ್ನ ಪಕ್ಕದಲ್ಲೇ ಇಳಿಜಾರಿನಲ್ಲಿ ನಿಲ್ಲಿಸಿ, ಬೇಕೆಂದೇ ಕಡಗ ತೊಡಿಸಿ, ಬೇಕೆಂದೇ ಇಳಿದು, ಮತ್ತೆ ಹತ್ತಿ ಕುಳಿತಳು.

"ಕುಂತಕೋರಿ ಮಾಂತಪ್ಪ ಕಾಕಾ. ಇವತ್ತಿನಿಂದ ನೀವು ಬರೇ ಕುಂತ ಬರಾವ್ರು."

ಕುಳಿತೆ. ಊರು ಮುಟ್ಟುವವರೆಗೂ ಆ ಜಾಲಿ ಬೆಣೆ ನನ್ನ ತೊಡೆಯ ಮೇಲೆ ಕೆಲಸವಿಲ್ಲದೆ ಕುಳಿತಿತ್ತು. ಈಗ ಅದು ನಮ್ಮ ಪಡಸಾಲೆಯ ಬಾಗಿಲು ಗಾಳಿಗೆ ಬಡಿಯದಂತೆ ಹಿಡಿದಿದೆ. ಹಣಮಂತಪ್ಪನ ಹಾಲಿನ ಗಾಡಿ ಮುಂದಿನ ಮಳೆಗಾಲದಲ್ಲಿ ಗುಡ್ಡದ ದಾರಿಯಲ್ಲಿ ನಿಲ್ಲಿಸಿದಲ್ಲಿಂದ ಜಾರಿ ಎರಡು ಸಲ ಉರುಳಿ ಬಿತ್ತು. ಎರಡನೆಯ ಸಲ ಬಿದ್ದ ಮರುದಿನ ಅವನು ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಕಾಶಿಂಬಿಯ ಬಾಗಿಲಿಗೆ ಗಾಡಿ ತಂದು, ಕಪ್ಪು ಬಣ್ಣದ್ದು ಇದ್ದರೆ ಒಂದು ಕೊಡು, ದೂರದಿಂದ ಕಾಣಬಾರದು ಎಂದನಂತೆ. ಅವಳು ಅವನ ಹ್ಯಾಂಡಲ್ಲನ್ನು ಒಮ್ಮೆ ಹಿಚುಕಿ ನೋಡಿ, ಎರಡು-ಆರು ಎಂದಳು.